ನಡುವೆ ಬೀಳ ಶಟಲ್ ಯಾರದ್ದು?

ಯಂಗಳ ಮನೆಲಿ ಚಾಲಿ ಅಡಕೆ ಸುಲಿತ ಶುರುವಾಯ್ದು. ರಾತ್ರಿ ಊಟ ಮುಗ್ಸಿ, ಅಡುಗೆಮನೆ ಒರೆಸಿ, ಜಗಲಿಲಿ ಮೆಟ್ಟುಗತ್ತಿ ಇಟ್ಕಂಡು ಕೂತ್ರೆ ಹತ್ತು ಗಂಟೆವರೆಗೂ ಅದೇ ಕೆಲಸ. ಕೈಗೆ ಕೆಲಸ ಇದ್ರೂ ತಲೆ ಖಾಲಿ ಇರ್ತು. ಹಂಗೆ ಕೂತಾಗ 2024ರ ಮಳೆಗಾಲದ ಒಂದು ವಿಷಯ ನೆನಪಾತು. ಬರೆಯವು ಬರೆಯವು ಹೇಳಿ ಅಂದ್ಕಂಡು ಮುಂದೆ ಹಾಕ್ತಾ ಬಂದಿದ್ದಿ. ಬರೆಯಲೆ ಸ್ವಲ್ಪ ನಾಚಿಕೆನೂ ಇತ್ತು. ಎಂತಕ್ಕೆ ಅಂದ್ರೆ ಇದ್ರಲ್ಲಿ ತಪ್ಪು ಯನ್ನದೇ.

ವಿಷಯ ಬ್ಯಾಡ್ಮಿಂಟನ್. ನೆಗ್ಯಾಡಡಿ. ಹಾಲು ಉಕ್ಕಿದ್ದಕ್ಕೂ ಬ್ಯಾಡ್ಮಿಂಟನ್ನಿಗೂ ಎಂತ ಸಂಬಂಧ ಹೇಳಿ ಪೂರ್ತಿ ಓದಿದ್ರೆ ಗೊತ್ತಾಗ್ತು.

ಮೊದ್ಲು ಹಾಲಿನ ಕಥೆ ಹೇಳ್ತಿ. 2024ರ ಜುಲೈ ತಿಂಗಳು. ಯಂಗಳ ಮಾಣಿಯ ಕಂಪನಿಯವು ಅವ್ನ ಒಂದೂವರೆ ತಿಂಗಳಿಗೆ ಡೆನ್ಮಾರ್ಕಿಗೆ ಕಳ್ಸಿದ್ದ. ಬೆಂಗ್ಳೂರಲ್ಲಿ ಒಂದೇ ಎಂತ ಮಾಡ್ತೆ, ಮನೆಗೆ ಬಾ ಹೇಳಿ ಆನೇ ಸೊಸೆಗೆ ಫೋನ್ ಮಾಡಿದ್ದಿ. ಲ್ಯಾಪ್‌ಟಾಪ್ ತಗಂಡು ಬಂತು. ಮದುವೆ ಆಗಿ ಒಂದೂವರೆ ವರ್ಷ ಆಗಿತ್ತು, ಆದ್ರೆ ಯಂಗಳ ಹೊನ್ನಾವರದ ಮನೆಲಿ ಒಂದು ವಾರಕ್ಕಿಂತ ಜಾಸ್ತಿ ನಿಂತಿದ್ದು ಅದೇ ಮೊದ್ಲು. ಆ ತಿಂಗಳು ಮಳೆ ಹ್ಯಾಂಗಿತ್ತು ಹೇಳಿ ನಿಂಗಳಿಗೆ ಬೇರೆ ಹೇಳದು ಬ್ಯಾಡ. ಜುಲೈ 16ಕ್ಕೆ ಶಿರೂರಲ್ಲಿ ಗುಡ್ಡ ಕುಸಿತು. ಹೆದ್ದಾರಿ ಬಂದಾತು. ಅಂಕೋಲೆ ಬದಿಯವು ಅಲ್ಲೇ, ಕುಮಟೆ ಬದಿಯವು ಇಲ್ಲೇ. ಟಿವಿ ಹಾಕಿದ್ರೆ ಅದೇ ಸುದ್ದಿ, ನೋಡಲೆ ಎದೆ ಒಡೀತಿತ್ತು.

ಅಂಥ ದಿನದಲ್ಲೇ ಒಂದು ಸಂಜೆ ಕುಮಟೆಯಿಂದ ಯಮ್ಮನೆಯವ್ರ ದೊಡ್ಡಪ್ಪನ ಮನೆಯವು ಬಂದ. ಏಳೆಂಟು ಜನ. ಚಾಕ್ಕೆ ದೊಡ್ಡ ಪಾತ್ರೆಲಿ ಹಾಲು ಇಟ್ಟಿ. "ಹಾಲು ಆನು ನೋಡ್ಕತ್ತಿ, ನೀನು ಲೋಟ ತೊಳೆದಿಡು ತಂಗಿ" ಹೇಳಿ ಸೊಸೆಗೆ ಹೇಳ್ದಿ. ಅದು ಲೋಟ ತೊಳೀತಾ ಇತ್ತು. ಅಷ್ಟರಲ್ಲಿ ರಾತ್ರಿ ಊಟಕ್ಕೂ ನಿಲ್ತ ಹೇಳಿ ಗೊತ್ತಾಗಿ, ಬಾಳೆಲೆ ಕೊಯ್ಯಲೆ ಆನು ಹಿತ್ಲಿಗೆ ಓಡ್ದಿ. ಹಾಲಿನ ಸುದ್ದಿನೇ ಮರ್ತು ಹೋತು. ಸುಟ್ಟ ವಾಸನೆ ಬಂದಾಗ ವಾಪಸ್ ಓಡಿ ಬಂದ್ರೆ ಅರ್ಧ ಪಾತ್ರೆ ಹಾಲು ಕಟ್ಟೆ ಮೇಲೆ ಹರಿತಾ ಇತ್ತು. ಸೊಸೆ ಗ್ಯಾಸ್ ಆರಿಸಿ ನಿಂತಿತ್ತು.

ದೊಡ್ಡತ್ತೆ ಅಡುಗೆಮನೆ ಬಾಗ್ಲಲ್ಲಿ ನಿಂತು ನೋಡ್ತಾ ಇದ್ದಿದ್ದ. ಯಂಗೆ ಎಂತಾಗಿತ್ತೋ ಗೊತ್ತಿಲ್ಲೆ. "ಬೆಂಗ್ಳೂರಿನವ್ಕೆ ಪ್ಯಾಕೆಟ್ ಹಾಲು. ಕರೆದ ಹಾಲಿನ ಬೆಲೆ ಎಲ್ಲಿ ಗೊತ್ತಾಗವು!" ಹೇಳಿ ಎಲ್ಲರ ಎದ್ರಿಗೆ ಹೇಳ್ಬಿಟ್ಟಿ. ನೋಡ್ಕತ್ತಿ ಹೇಳಿದವ್ಳು ಆನು. ಬಿಟ್ಟು ಹೋದವ್ಳು ಆನು. ಬೈಸ್ಕಂಡಿದ್ದು ಅದು.

ಅದು ಎಂತೂ ಹೇಳಿದ್ದಿಲ್ಲೆ. ಬಟ್ಟೆ ತಗಂಡು ಕಟ್ಟೆ ಒರಸ್ತು. ಮರುದಿನದಿಂದ ಬೇರೆನೇ ಆಗಿ ಹೋತು. ಬೆಳಿಗ್ಗೆ ಎದ್ದು ಬಂದು "ಅತ್ತೆ, ಎಂತ ಮಾಡವು?" ಹೇಳಿ ಕೇಳದು. ಕಾಯಿ ಹೆರಿ ಅಂದ್ರೆ ಕಾಯಿ ಹೆರದು, ಅಲ್ಲಿಗೆ ನಿಂತ್ಕಂಬದು. ಹೇಳಿದ್ದು ಮಾಡ್ತು, ಹೇಳದ್ದು ಮುಟ್ತಿಲ್ಲೆ. ಸಿಟ್ಟಿಲ್ಲೆ, ಎದ್ರು ಮಾತಿಲ್ಲೆ. ಮನೆಗೆ ಬಂದ ನೆಂಟ್ರ ಹಂಗೆ. ಜಗಳ ಆಡಿದ್ರೆ ಎಷ್ಟೋ ಚೊಲೊ ಇತ್ತು ಅನಸ್ತು ಯಂಗೆ.

ಅದ್ಕೆ ಬ್ಯಾಡ್ಮಿಂಟನ್ ಅಂದ್ರೆ ಪ್ರಾಣ. ಕಾಲೇಜಲ್ಲಿ ಡಬಲ್ಸ್ ಆಡ್ತಿತ್ತಡ, ಈಗ್ಲೂ ಶನಿವಾರ ಭಾನುವಾರ ಆಡಲೆ ಹೋಗ್ತು. ಆನೂ ಕುಮಟೆಲಿ ಪಿಯುಸಿ ಓದಕಾದ್ರೆ ಬಾಲ್ ಬ್ಯಾಡ್ಮಿಂಟನ್ ಆಡಿದವ್ಳೇ. ಹಳದಿ ಉಲ್ಲನ್ ಚೆಂಡು, ಎರಡು ತೆಂಗಿನ ಮರಕ್ಕೆ ಕಟ್ಟಿದ ನೆಟ್ಟು, ಅರ್ಧ ಸೀರೆ ಸಿಗಸ್ಕಂಡು ಓಡದು. ಶಟಲ್ ಆಟ ಮಾತ್ರ ಯಂಗೆ ಗೊತ್ತಿತ್ತಿಲ್ಲೆ. ಜುಲೈ ಕಡೆಗೆ ಪ್ಯಾರಿಸ್ ಒಲಿಂಪಿಕ್ಸ್ ಶುರುವಾತು. ರಾತ್ರಿ ಎಷ್ಟೊತ್ತಾದ್ರೂ ಸೊಸೆ ಮೊಬೈಲ್ ಹಿಡ್ಕಂಡು ಕೂರ್ತಿತ್ತು. ಎರಡು ದಿನ ದೂರದಿಂದ ನೋಡ್ದಿ. ಮೂರನೇ ದಿನ ಒಂದು ತಟ್ಟೆ ಹಲಸಿನ ಚಿಪ್ಸ್ ಹಿಡ್ಕಂಡು ಹೋಗಿ ಪಕ್ಕದಲ್ಲಿ ಕೂತಿ. "ಯಾರ್ದು ಆಟ?" ಕೇಳ್ದಿ.

"ಅಶ್ವಿನಿ ಪೊನ್ನಪ್ಪ. ನಮ್ಮ ಕರ್ನಾಟಕದ್ದೇ ಅತ್ತೆ" ಹೇಳ್ತು.

ಅಶ್ವಿನಿ ಸುದ್ದಿ ಯಂಗೆ ಅಲ್ಲಿವರೆಗೆ ರಾಶಿ ಗೊತ್ತಿತ್ತಿಲ್ಲೆ. ಬ್ಯಾಡ್ಮಿಂಟನ್ ಅಂದ್ರೆ ಸೈನಾ, ಸಿಂಧು, ಅಷ್ಟೇ. ಅವು ಒಬ್ಬೊಬ್ರೇ ಆಡವು. ಜೋಡಿ ಆಡವ್ರ ಹೆಸ್ರು ಯಾರಿಗೆ ನೆನಪಿರ್ತು? ಸೊಸೆ ಒಂದೊಂದೇ ಹೇಳ್ತಾ ಹೋತು, ಆಮೇಲೆ ಆನೂ ಸುಮಾರು ಓದ್ಕಂಡಿ.

ಅಶ್ವಿನಿದು ಕೊಡಗಿನ ಮನೆತನ, ಹುಟ್ಟಿದ್ದು ಬೆಂಗ್ಳೂರಲ್ಲಿ, 1989ರ ಸೆಪ್ಟೆಂಬರ್ 18ಕ್ಕೆ. ದೊಡ್ಡ ಹೆಸ್ರು ಬಂದಿದ್ದು ಹೈದರಾಬಾದಿನ ಜ್ವಾಲಾ ಗುಟ್ಟಾ ಜೊತಿಗೆ ಆಡಿ. ಜ್ವಾಲಾ ಅಶ್ವಿನಿಗಿಂತ ಆರು ವರ್ಷ ದೊಡ್ಡವ್ರು, ಎಡಗೈ ಆಟದವ್ರು. 2010ರ ಅಕ್ಟೋಬರಲ್ಲಿ ದೆಹಲಿಲಿ ಕಾಮನ್‌ವೆಲ್ತ್ ಕ್ರೀಡಾಕೂಟ ಆತಲಿ, ಅದ್ರ ಕಡೇ ದಿನ ಇವ್ರಿಬ್ರು ಸಿಂಗಾಪುರದ ಜೋಡಿನ 21-16, 21-19ರಲ್ಲಿ ಸೋಲಿಸಿ ಚಿನ್ನ ಗೆದ್ರು. ಆ ಕೂಟದಲ್ಲಿ ಭಾರತಕ್ಕೆ ಒಟ್ಟು 38 ಚಿನ್ನ, ಇಂಗ್ಲೆಂಡಿಗೆ 37. ಒಂದೇ ಚಿನ್ನದಲ್ಲಿ ಭಾರತ ಎರಡನೇ ಸ್ಥಾನಕ್ಕೆ ಬಂತು. ಈ ಜೋಡಿ ಸೋತಿದ್ರೆ ಆ ಲೆಕ್ಕನೇ ಬೇರೆ ಆಗ್ತಿತ್ತು.

ಮುಂದಿನ ವರ್ಷ, 2011ರ ಆಗಸ್ಟಲ್ಲಿ, ಲಂಡನ್ನಿನ ವಿಶ್ವ ಚಾಂಪಿಯನ್‌ಶಿಪ್ಪಲ್ಲಿ ಕಂಚು. ಭಾರತದ ಹೆಂಗಸ್ರ ಜೋಡಿಗೆ ಅಲ್ಲಿ ಪದಕ ಬಂದಿದ್ದು ಅದೇ ಮೊದ್ಲು. ಅದ್ಕಿಂತ ಮುಂಚೆ ಭಾರತಕ್ಕೆ ವಿಶ್ವ ಚಾಂಪಿಯನ್‌ಶಿಪ್ಪಲ್ಲಿ ಬಂದಿದ್ದು ಒಂದೇ ಪದಕ. ಅದು ಯಾರಿಗೆ ಹೇಳಿ ಕೇಳಿದ್ರೆ ಭಟ್ಕಳ ಬದಿಯವ್ಕೆ ಖುಷಿ ಆಗ್ತು: ಪ್ರಕಾಶ್ ಪಡುಕೋಣೆ, 1983ರಲ್ಲಿ. ಪಡುಕೋಣೆ ಹೇಳದು ಅವ್ರ ಮನೆತನದ ಊರು. ಭಟ್ಕಳದಿಂದ ತೆಂಕಿಗೆ ಬೈಂದೂರು ದಾಟಿ ಹೋದ್ರೆ ಮರವಂತೆ ಹತ್ರ ಸಿಕ್ತು. ಕೊಲ್ಲೂರಿಗೆ, ಉಡುಪಿಗೆ ಹೋಪಲೆ ಯಂಗ ಎಷ್ಟು ಸಲ ಆ ಬದಿಯಿಂದ ದಾಟಿದ್ಯ! ಅವು ಬೆಂಗ್ಳೂರಿನ ಮಲ್ಲೇಶ್ವರದ ಕೆನರಾ ಯೂನಿಯನ್ ಹಾಲಲ್ಲಿ ಆಟ ಕಲ್ತವು. ಅದು ಮದುವೆ ಮಾಡ ಹಾಲು. ಮದುವೆ ಇದ್ದ ದಿನ ಆಟ ಇಲ್ಲೆ. ಅಲ್ಲಿಂದ ಹೋಗಿ 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ರು. ಆಮೇಲೆ ಆಡಲೆ, ಕಲಿಯಲೆ ಹೇಳಿ ಡೆನ್ಮಾರ್ಕಿಗೆ ಹೋಗಿ ಉಳ್ಕಂಡ್ರು. 1983ರ ಆ ಕಂಚು ಬಂದಿದ್ದೂ ಡೆನ್ಮಾರ್ಕಿನ ಕೋಪನ್‌ಹೇಗನ್ನಲ್ಲೇ.

ಯಂಗಳ ಮಾಣಿ ಆಗ ಇದ್ದಿದ್ದೂ ಅದೇ ಊರಲ್ಲಿ! ರಾತ್ರಿ ವಿಡಿಯೋ ಕಾಲ್ ಮಾಡ್ದಾಗ ಕೇಳ್ದಿ. "ಆಯಿ, ಇಲ್ಲಿ ಒಂದೊಂದು ಪ್ಯಾಟೆಗೂ ಬ್ಯಾಡ್ಮಿಂಟನ್ ಕ್ಲಬ್ ಇದ್ದು. ಮುದುಕ್ರೂ ಸೈಕಲ್ ಮೇಲೆ ರ‍್ಯಾಕೆಟ್ ಇಟ್ಕಂಡು ಹೋಗ್ತ" ಹೇಳ್ದ. ಡೆನ್ಮಾರ್ಕಿನ ಜನ ಎಲ್ಲ ಸೇರ್ಸಿದ್ರೂ ಸುಮಾರು 60 ಲಕ್ಷ. ನಮ್ಮ ಕರ್ನಾಟಕದ ಹತ್ತರಲ್ಲಿ ಒಂದು ಪಾಲೂ ಇಲ್ಲೆ. ಆದ್ರೂ ಚೀನಾ, ಕೊರಿಯಾ, ಇಂಡೋನೇಷ್ಯಾದವ್ರ ಎದ್ರು ನಿಲ್ತ.

ಇನ್ನು ಆಟದ ವಿಷಯ. ಸೊಸೆ ಅಡಕೆ ಚೂರು ತಗಂಡು ನೆಲದ ಮೇಲೆ ಇಟ್ಟು ತೋರಿಸ್ತು. ಅಂಕಣದ ಉದ್ದ 44 ಅಡಿ. ಒಬ್ಬೊಬ್ರೇ ಆಡಕಾದ್ರೆ ಅಗಲ 17 ಅಡಿ, ಇಬ್ಬಿಬ್ರು ಆಡಕಾದ್ರೆ 20 ಅಡಿ. ಕೇಳಿ ಆಶ್ಚರ್ಯ ಆತು. ಜನ ಎರಡು ಪಟ್ಟು, ಜಾಗ ಮಾತ್ರ ಬರೀ ಮೂರಡಿ ಜಾಸ್ತಿ! ನಮ್ಮ ಅಡುಗೆಮನೆ ಹಂಗೇ. ಸೊಸೆ ಬಂತು ಹೇಳಿ ಯಾರೂ ಗೋಡೆ ಒಡೆದು ದೊಡ್ಡ ಮಾಡ್ತ್ವಿಲ್ಲೆ.

ಹೊಡೆಯಕಾದ್ರೆ ಒಬ್ರು ಮುಂದೆ, ಒಬ್ರು ಹಿಂದೆ ನಿಲ್ಲವು. ಹಿಂದಿನವ್ರು ಸ್ಮ್ಯಾಶ್ ಹೊಡೆದ್ರೆ, ತಿರುಗಿ ಬಂದಿದ್ದ ಮುಂದಿನವ್ರು ನೆಟ್ ಬುಡದಲ್ಲೇ ಮುಗಸವು. ತಡೆಯಕಾದ್ರೆ ಇಬ್ರೂ ಅಕ್ಕಪಕ್ಕ ಬರವು. ಶಟಲ್ ಒಂದು ಸಲ ಮೇಲೆ ಹೋಗಿ ಕೆಳಗೆ ಬಪ್ಪಷ್ಟರಲ್ಲಿ ಇದೆಲ್ಲ ಬದಲಾಗವು. ಜಾಗ ಬಿಟ್ಟು ಕೊಡದೂ ಆಟವೇ. ಅಶ್ವಿನಿ ಗಟ್ಟಿ ಸ್ಮ್ಯಾಶಿಗೆ ಹೆಸ್ರು ಮಾಡಿದ್ದು. ಆದ್ರೆ ಅದು ಹಿಂದೆ ನಿಂತು ಹೊಡೆಯವು ಅಂದ್ರೆ ಮುಂದೆ ಇನ್ನೊಬ್ರು ದಾರಿ ಮಾಡಿ ಕೊಡವು.

"ಅತ್ತೆ, ಡಬಲ್ಸಲ್ಲಿ ರಾಶಿ ಕಷ್ಟದ ಶಟಲ್ ಯಾವ್ದು ಹೇಳಿ" ಕೇಳ್ತು.

ಮೂಲೆಗೆ ಹೋದ್ದು ಹೇಳ್ದಿ.

"ಅಲ್ಲ. ಇಬ್ರ ನಡುವೆ ಬಂದಿದ್ದು."

ನಡುವೆ ಬಂದ್ರೆ ಅವ್ಳು ಹೊಡೀತು ಹೇಳಿ ಇವ್ಳು ಬಿಡದು, ಇವ್ಳು ಹೊಡೀತು ಹೇಳಿ ಅವ್ಳು ಬಿಡದು. ಶಟಲ್ ನೆಲಕ್ಕೆ ಬಿದ್ದ ಮೇಲೆ ಇಬ್ರೂ ಮುಖ ನೋಡ್ಕಂಬದು. ಇಲ್ದಿದ್ರೆ ಇಬ್ರೂ ಕೈ ಹಾಕಿ ರ‍್ಯಾಕೆಟಿಗೆ ರ‍್ಯಾಕೆಟ್ ತಾಗದು. ಸಾಮಾನ್ಯಕ್ಕೆ ಫೋರ್‌ಹ್ಯಾಂಡ್ ಯಾರದ್ದು ನಡುವಿಗೆ ಬತ್ತೋ ಅವು ಹೊಡೆಯವು. ಆದ್ರೆ ಜ್ವಾಲಾ ಎಡಗೈ, ಅಶ್ವಿನಿ ಬಲಗೈ. ಒಂದು ನಮೂನೆ ನಿಂತ್ರೆ ಇಬ್ರದ್ದೂ ಫೋರ್‌ಹ್ಯಾಂಡ್ ನಡುವಿಗೆ ಬತ್ತು, ಜಾಗ ಅದಲು ಬದಲಾದ್ರೆ ಇಬ್ರದ್ದೂ ಹೊರಗೆ ಹೋಗ್ತು. ಹಂಗಾಗಿ ಬಾಯಿ ಬಿಟ್ಟು ಕೂಗವು, "ಯನ್ನದು" ಹೇಳಿ. ಕೂಗಿದ ಮೇಲೆ ಅವ್ರೇ ಹೊಡೆಯವು, ಬಿಟ್ಟು ಹೋಪಲಾಗ.

ಅದು ಸುಮ್ನೆ ಆಟದ ಸುದ್ದಿ ಹೇಳ್ತಾ ಇತ್ತು. ಯನ್ನ ಕಿವಿ ಮಾತ್ರ ಬಿಸಿಯಾತು. "ಹಾಲು ಆನು ನೋಡ್ಕತ್ತಿ" ಹೇಳಿ ಕೂಗಿದ್ದು ಆನೇ ಅಲ್ದಾ.

ಅಷ್ಟೇ ಅಲ್ಲ, ಇನ್ನೊಂದು ನೆನಪಾತು. ಆನು ಮದುವೆ ಆಗಿ ಈ ಮನೆಗೆ ಬಂದ ವರ್ಷ. ಯನ್ನ ನೆಗೆಣ್ಣಿ, ಅಂದ್ರೆ ಭಾವನ ಹೆಂಡ್ತಿ, ಭಟ್ಕಳ ಬದಿಯವು. ಯನಗಿಂತ ಏಳು ವರ್ಷ ದೊಡ್ಡವು. ಆನು ಅಕ್ಕ ಹೇಳಿ ಕರೆಯದು. ಮನೆಲಿ ಅಜ್ಜನ ತಿಥಿ ಬಂತು. ಮೂವತ್ತು ಜನಕ್ಕೆ ಅಡುಗೆ. ಅಪ್ಪೆಹುಳಿಗೆ ಅಕ್ಕ ಉಪ್ಪು ಹಾಕಿದ್ದ. ಯಂಗೆ ಗೊತ್ತಿಲ್ಲೆ, ಆನೂ ಒಂದು ಮುಷ್ಟಿ ಹಾಕ್ದಿ. ಪಂಕ್ತಿಲಿ ಕೂತವು ಒಂದು ಸೌಟು ಬಾಯಿಗೆ ಹಾಕಿ ಮುಖ ಮುಖ ನೋಡ್ದ. ಅತ್ತೆ ಒಳಗೆ ಬಂದು "ಯಾರು ಉಪ್ಪು ಹಾಕಿದ್ದು?" ಕೇಳ್ದ. ಯನ್ನ ಕೈ ಕಾಲು ತಣ್ಣಗಾತು. ಯಾರೂ ಬಾಯಿ ಬಿಡ ಮುಂಚೆ ಅಕ್ಕ "ಆನೇ ಅತ್ತೆ. ಮರ್ತು ಎರಡು ಸಲ ಹಾಕ್ದಿ" ಹೇಳ್ದ. ಬೈಸ್ಕಂಡ. ಸಂಜೆ ಬಾವಿಕಟ್ಟೆ ಹತ್ರ ಯಂಗೆ ಹೇಳ್ದ, "ಇನ್ನು ಮೇಲೆ ಎಂತ ಹಾಕಿದ್ರೂ ಬಾಯಲ್ಲಿ ಹೇಳವು. ಉಪ್ಪು ಹಾಕಿದ್ದಿ, ಬೆಲ್ಲ ಹಾಕಿದ್ದಿ ಹೇಳಿ ಗಟ್ಟಿ ಹೇಳವು. ಆನೂ ಹೇಳ್ತಿ."

ಅವತ್ತಿಂದ ಹಿಸ್ಸೆ ಆಗಿ ಅವು ಭಟ್ಕಳ ಬದಿಗೆ ಹೋಪಲ್ಲಿವರೆಗೆ, ಹದಿನಾರು ವರ್ಷ, ಯಂಗಳ ಅಡುಗೆಮನೆಲಿ ಇದೇ ಕೂಗು. "ಸಾರಿಗೆ ಉಪ್ಪಾತು!" "ಹಾಲು ಯನ್ನದು!" ಹೊರಗಿಂದ ಕೇಳಿದವು ಈ ಮನೆ ಹೆಂಗಸ್ರಿಗೆ ಮರುಳು ಹೇಳಿ ನೆಗ್ಯಾಡ್ತಿದ್ದ. ಒಂದು ದಿನ ಎರಡು ಸಲ ಉಪ್ಪು ಬಿದ್ದಿದ್ದಿಲ್ಲೆ. ಅಂಥ ಅಕ್ಕನ ಹತ್ರ ಕಲ್ತ ಆನು, ಮನೆಗೆ ಬಂದ ಕೂಸಿಗೆ ಆ ಕೂಗು ಕಲಿಸಿದ್ನಿಲ್ಲೆ. ಕಲಿಸದ್ದೇ ಬೈದಿ.

ಅಶ್ವಿನಿ ಕಥೆಗೆ ವಾಪಸ್ ಬತ್ತಿ. 2012ರ ಲಂಡನ್ ಒಲಿಂಪಿಕ್ಸಲ್ಲಿ ಅಶ್ವಿನಿ–ಜ್ವಾಲಾ ಮೊದ್ಲ ಮ್ಯಾಚ್ ಜಪಾನ್ ಜೋಡಿಗೆ ಸೋತ್ರು, ಆಮೇಲೆ ತೈಪೆ, ಸಿಂಗಾಪುರದ ಜೋಡಿಗಳ ಗೆದ್ರು. ಜಪಾನ್, ತೈಪೆ, ಭಾರತ ಮೂರಕ್ಕೂ ಎರಡೆರಡು ಗೆಲುವು. ಪಾಯಿಂಟ್ ಲೆಕ್ಕ ಹಾಕಿದ್ರೆ ಒಂದೇ ಒಂದು ಪಾಯಿಂಟ್ ಅಂತರದಲ್ಲಿ ನಮ್ಮವು ಹೊರಗೆ. ಕಡೇ ಮ್ಯಾಚಲ್ಲಿ ಜಪಾನ್ ತೈಪೆಗೆ ಸೋತಿದ್ದು ಸಂಶಯ ಹೇಳಿ ಭಾರತದವು ದೂರು ಕೊಟ್ರು, ಅದು ನಿಂತಿದ್ದಿಲ್ಲೆ. ಅದೇ ಕೂಟದಲ್ಲಿ ಡೆನ್ಮಾರ್ಕಿನ ಕಮಿಲ್ಲಾ ರಿಟರ್ ಯೂಲ್, ಕ್ರಿಸ್ಟಿನಾ ಪೆಡರ್ಸನ್ ಹೇಳ ಜೋಡಿ ಚೀನಾದ ಒಂದು ಬಲವಾದ ಜೋಡಿನ ಸೋಲಿಸ್ತು. ಹಂಗಾಗಿ ಮುಂದೆ ಯಾರಿಗೆ ಯಾರು ಎದ್ರಾಗ್ತ ಹೇಳ ಲೆಕ್ಕ ಎಲ್ಲ ತಲೆಕೆಳಗಾತು. ತಮಗೆ ಬೇಡದ ಜೋಡಿ ಎದ್ರು ಬಪ್ಪಲಾಗ ಹೇಳಿ ಚೀನಾ, ಕೊರಿಯಾ, ಇಂಡೋನೇಷ್ಯಾದ ನಾಲ್ಕು ಜೋಡಿ ಬೇಕು ಹೇಳಿ ಸೋಲಲೆ ಆಡಿದ್ರು. ಸರ್ವಿಸನ್ನೇ ನೆಟ್ಟಿಗೆ ಹೊಡೆದ್ರಡ, ನೋಡಲೆ ಬಂದ ಜನ ಕೂಗಾಡಿದ್ರಡ. ಎಂಟೂ ಜನರ ಕೂಟದಿಂದ ಹೊರಗೆ ಹಾಕಿದ್ರು. ಒಂದು ಪಾಯಿಂಟಿಗೆ ಹೊರಗೆ ಬಿದ್ದ ನಮ್ಮವು ಆ ಸಾಲಿಗೆ ಸೇರಿದವು ಅಲ್ಲ ಹೇಳದೇ ಯಂಗೆ ಸಮಾಧಾನ.

ಆ ಡೆನ್ಮಾರ್ಕ್ ಜೋಡಿ ಮುಂದೆ 2016ರಲ್ಲಿ ರಿಯೋ ಒಲಿಂಪಿಕ್ಸಲ್ಲಿ ಬೆಳ್ಳಿ, 2018ರಲ್ಲಿ ಆಲ್ ಇಂಗ್ಲೆಂಡ್ ಗೆದ್ದು ಆಟ ಮುಗಿಸ್ತು. ಅವ್ರಿಬ್ರೂ ಆಟದಲ್ಲಷ್ಟೇ ಅಲ್ಲ, ಸಂಸಾರದಲ್ಲೂ ಜೋಡಿ. ಹಂಗೆ ಒಂದೇ ಜೋಡಿಲಿ ಕಡೆವರೆಗೆ ಆಡ ಭಾಗ್ಯ ಎಲ್ಲರಿಗೂ ಸಿಕ್ತಿಲ್ಲೆ. ಲಂಡನ್ ಆದ ಮೇಲೆ ಜ್ವಾಲಾ ಸ್ವಲ್ಪ ದಿನ ಆಟ ಬಿಟ್ರು. ಅಶ್ವಿನಿ ಪ್ರಜ್ಞಾ ಗದ್ರೆ ಜೊತಿಗೆ ಆಡ್ತು. 2013ರಲ್ಲಿ ಮತ್ತೆ ಜ್ವಾಲಾ–ಅಶ್ವಿನಿ ಒಂದಾದ್ರು. 2014ರಲ್ಲಿ ಗ್ಲಾಸ್ಗೋ ಕಾಮನ್‌ವೆಲ್ತಲ್ಲಿ ಬೆಳ್ಳಿ, 2015ರಲ್ಲಿ ಕೆನಡಾ ಓಪನ್. ರಿಯೋದಲ್ಲಿ ಮಾತ್ರ ಮೂರು ಮ್ಯಾಚೂ ಸೋತ್ರು. ಅದ್ರಲ್ಲಿ ಒಂದು ಸೋಲು, ಕಡೆಗೆ ಚಿನ್ನ ಗೆದ್ದ ಜಪಾನ್ ಜೋಡಿ ಎದ್ರು. ಜ್ವಾಲಾ ಜೊತಿಗಿನ ಆಟ ಅಲ್ಲಿಗೆ ಮುಗಿತು.

ಆಮೇಲೆ ಸಿಕ್ಕಿ ರೆಡ್ಡಿ ಜೊತಿಗೆ. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತಲ್ಲಿ ತಂಡಕ್ಕೆ ಚಿನ್ನ, ಜೋಡಿಗೆ ಕಂಚು. ಟೋಕಿಯೋ ಒಲಿಂಪಿಕ್ಸಿಗೆ ಹೋಪಲೆ ಆತಿಲ್ಲೆ. ವಯಸ್ಸು ಮೂವತ್ತು ದಾಟಿತ್ತು, ಇನ್ನು ಸಾಕು ಹೇಳಿದ್ರೆ ಯಾರೂ ಎಂತೂ ಹೇಳ್ತಿತ್ವಿಲ್ಲೆ. 2023ರ ಜನವರಿಲಿ ಹೊಸ ಜೋಡಿ ಕಟ್ತು, ತನಿಷಾ ಕ್ರಾಸ್ಟೊ ಜೊತಿಗೆ. ತನಿಷಾ 2003ರಲ್ಲಿ ಹುಟ್ಟಿದ ಕೂಸು. ಅಶ್ವಿನಿಗಿಂತ ಹದಿನಾಲ್ಕು ವರ್ಷ ಸಣ್ಣದು! ಜ್ವಾಲಾ ಜೊತಿಗೆ ಸಣ್ಣವ್ಳಾಗಿ ಕಲ್ತಿದ್ದು, ಇಲ್ಲಿ ದೊಡ್ಡವ್ಳಾಗಿ ನಿಲ್ಲವು. ಆ ವರ್ಷವೇ ಅಬುಧಾಬಿ ಮಾಸ್ಟರ್ಸ್, ಗುವಾಹಟಿ ಮಾಸ್ಟರ್ಸ್ ಗೆದ್ದು ಪ್ಯಾರಿಸ್ಸಿಗೆ ಜಾಗ ಮಾಡ್ಕಂಡ್ರು.

ಇದ್ನ ಕೇಳಕಾದ್ರೆ ಯಂಗೆ ಅನಸಿದ್ದು ಇಷ್ಟೇ. ಸಣ್ಣವ್ಳಾಗಿ ಜೋಡಿ ಆಪದು ಸುಲಭ. ತಪ್ಪಿದ್ರೆ ದೊಡ್ಡವು ನೋಡ್ಕತ್ತ. ದೊಡ್ಡವ್ಳಾಗಿ ಜೋಡಿ ಆಪದೇ ಕಷ್ಟ. ಯಮ್ಮನೆಲಿ ಅಕ್ಕನ ಜಾಗಕ್ಕೆ ಆನು ಬಂದು ಒಂದೂವರೆ ವರ್ಷ ಆಗಿತ್ತು. ಯಂಗೆ ಅದು ಗೊತ್ತೇ ಆಗಿತ್ತಿಲ್ಲೆ.

ಜುಲೈ 30. ಕಡೇ ಮ್ಯಾಚ್. ಅದ್ಕಿಂತ ಮುಂಚೆ ಕೊರಿಯಾ, ಜಪಾನ್ ಎರಡೂ ಜೋಡಿಗೆ ಸೋತಾಗಿತ್ತು. ಇದು ಆಸ್ಟ್ರೇಲಿಯಾದವ್ರ ಎದ್ರು. ದೀಪ ಹಚ್ಚ ಹೊತ್ತು, ಹೊರಗೆ ಧೋ ಹೇಳಿ ಮಳೆ. ಕರೆಂಟ್ ಇಲ್ಲೆ. ಮೊಬೈಲ್ ಚಾರ್ಜ್ ಕಾಲುಭಾಗ ಇತ್ತು. ಯಮ್ಮನೆಯವ್ರೂ ಕುರ್ಚಿ ಎಳ್ಕಂಡು ಬಂದು ಕೂತ. ಮೊದ್ಲ ಗೇಮ್ 15-21. ಎರಡನೇದ್ರಲ್ಲಿ ಒಂದು ಶಟಲ್ ಇಬ್ರ ನಡುವೆ ಬಿತ್ತು. "ಅಯ್ಯೋ, ನಡುವಿನದ್ದು!" ಹೇಳಿ ಆನೇ ಕೂಗ್ದಿ. ಸೊಸೆ ಯನ್ನ ಮುಖ ನೋಡಿ ಸಣ್ಣಕ್ಕೆ ನೆಗ್ಯಾಡ್ತು. ಅಷ್ಟು ದಿನದಲ್ಲಿ ಮೊದ್ಲ ಸಲ. ಎರಡನೇ ಗೇಮ್ 10-21. ಮುಗಿತು.

ಆಮೇಲೆ ಅಶ್ವಿನಿ ಮಾತಾಡಿದ್ದ ತೋರಿಸಿದ್ರು. ಇದೇ ಯನ್ನ ಕಡೇ ಒಲಿಂಪಿಕ್ಸ್ ಹೇಳ್ತು. ತನಿಷಾಗೆ ಇನ್ನೂ ರಾಶಿ ದೂರ ಹೋಪಲಿದ್ದು ಹೇಳ್ತು. ಕಣ್ಣಲ್ಲಿ ನೀರು ನಿಂತಿತ್ತಿಲ್ಲೆ. ಪಕ್ಕದಲ್ಲಿ ತನಿಷಾನೂ ಅಳ್ತಾ ಇತ್ತು. ಸಣ್ಣ ಜೊತೆಗಾರ್ತಿ ಮೇಲೆ ಒಂದು ಮಾತು ಹಾಕಿದ್ದಿಲ್ಲೆ. ಆ ಹೊತ್ತಲ್ಲೂ ಅದ್ರ ಮುಂದಿನ ದಾರಿ ಸುದ್ದಿ ಹೇಳ್ತು. ಆನು ಅರ್ಧ ಪಾತ್ರೆ ಹಾಲಿಗೆ ಎಂತ ಮಾತಾಡಿದ್ದಿ!

ಆಗಲೇ ಸೊಸೆಗೆ ಹೇಳ್ಬಿಡವು ಹೇಳಿ ಬಾಯಿ ತೆಗ್ದಿ. ಬಾಯಿಂದ ಬಂದಿದ್ದು "ಊಟ ಮಾಡನ, ಬಾ ತಂಗಿ" ಅಷ್ಟೇ. ದೊಡ್ಡವ್ರಿಗೆ ತಪ್ಪಾತು ಹೇಳಲೆ ನಾಲಗೆ ಏಳ್ತಿಲ್ಲೆ ನೋಡಿ. ನಿಂಗಳಿಗೂ ಹಂಗೇನಾ?

ಅದು ಬೆಂಗ್ಳೂರಿಗೆ ಹೋತು. ಮಾಣಿನೂ ಬಂದ. ಚೌತಿಗೆ ಇಬ್ರೂ ಮನೆಗೆ ಬಂದ. ಸೆಪ್ಟೆಂಬರ್ 7. ಭಟ್ಕಳದಿಂದ ಅಕ್ಕ, ಭಾವ ಬಂದಿದ್ದ. ಅಕ್ಕ ಎಂದಿನ ಹಂಗೆ ಗಣಪತಿಗೆ ಹೇಳಿ ಭಟ್ಕಳ ಮಲ್ಲಿಗೆ ದಂಡೆ ಬಾಳೆಲೆಲಿ ಸುತ್ತಿ ತಂದಿದ್ದ. ಮಧ್ಯಾಹ್ನ ಊಟ ಮುಗ್ದು ಮೂರೂವರೆಗೆ ಕುಮಟೆಯ ಅದೇ ದೊಡ್ಡಪ್ಪನ ಮನೆಯವು ಗಣಪತಿ ನೋಡಲೆ ಬಂದ. ಚಾಕ್ಕೆ ಇಡವು. ಸೊಸೆ "ಅತ್ತೆ, ಎಂತ ಮಾಡವು?" ಹೇಳಿ ಬಂತು. ದೊಡ್ಡತ್ತೆ ಬಾಗ್ಲಲ್ಲೇ ನಿಂತು ನೆಗ್ಯಾಡ್ತಾ, "ಈ ಸಲ ಹಾಲು ಉಕ್ಕಿಸಡ ಕೂಸೇ" ಹೇಳ್ದ.

ಚಕ್ಲಿ ಡಬ್ಬಿ ಯನ್ನ ಕೈಲಿ ಇತ್ತು. ಕೆಳಗಿಟ್ಟಿ.

"ಆ ದಿನ ಹಾಲು ಉಕ್ಕಿಸಿದ್ದು ಅದಲ್ಲ ದೊಡ್ಡತ್ತೆ, ಆನು. ಆನು ನೋಡ್ಕತ್ತಿ ಹೇಳಿ ಬಿಟ್ಟು ಹಿತ್ಲಿಗೆ ಹೋಗಿದ್ದಿ. ತಪ್ಪು ಯನ್ನದು, ಬೈದಿದ್ದೂ ಆನೇ. ಅದು ಬಾಯಿ ಮುಚ್ಕಂಡು ಕಟ್ಟೆ ಒರಸ್ತು."

ಯಾರೂ ಮಾತಾಡಿದ್ವಿಲ್ಲೆ. ಯನ್ನ ಎದೆ ಡವಡವ ಹೊಡ್ಕತ್ತಿತ್ತು, ತಿಥಿ ದಿನದ ಹಂಗೇ. ದೊಡ್ಡತ್ತೆ "ಹೋಗ್ಲಿ ಬಿಡು, ಹಾಲು ಉಕ್ಕಿದ್ರೆ ಒಳ್ಳೇದೇ" ಹೇಳಿ ಹೊರಗೆ ಹೋದ. ಅಕ್ಕ ಮೂಲೆಲಿ ಕೂತು ಬಾಳೆಲೆ ಒರೆಸ್ತಾ ಇದ್ದಿದ್ದ. ತಲೆ ಎತ್ತಿ, "ಅಪ್ಪೆಹುಳಿ ಲೆಕ್ಕ ಇವತ್ತಿಗೆ ಚುಕ್ತಾ ಆತಾ?" ಕೇಳ್ದ. ಮೂವತ್ನಾಲ್ಕು ವರ್ಷ ಆದ್ರೂ ಮರೆತಿದ್ವಿಲ್ಲೆ ನೋಡಿ! ಸೊಸೆಗೆ ಅರ್ಥ ಆತಿಲ್ಲೆ. ಆಗ ಅಕ್ಕನೇ ಉಪ್ಪಿನ ಕಥೆ ಪೂರ್ತಿ ಹೇಳ್ದ, ಕೂಗಿನ ಕಥೆನೂ ಹೇಳ್ದ. ಕೇಳಿ ಸೊಸೆ ಹೊಟ್ಟೆ ಹಿಡ್ಕಂಡು ನೆಗ್ಯಾಡ್ತು. "ಅತ್ತೆ, ಇದೇ ಡಬಲ್ಸ್ ಅಲ್ದಾ!" ಹೇಳ್ತು.

ಅದಾದ ಮೇಲೆ ಎಲ್ಲ ಸರಿಯಾಗಿ ಹೋತು ಹೇಳಿ ಬರೆದ್ರೆ ಸುಳ್ಳಾಗ್ತು. ಯನ್ನ ಬಾಯಿ ಇನ್ನೂ ಮುಂದೇ. ಅದ್ಕೆ ತಾಗಿದ ಮಾತು ಒಂದು ಚೌತಿಗೆ ಹೋಪದಲ್ಲ. ಆದ್ರೆ ಆ ಸಂಜೆ ರಾತ್ರಿ ಅಡುಗೆಗೆ ಹಾಲು ಒಲೆ ಮೇಲೆ ಇಟ್ಟು ತಿರುಗಿದ್ರೆ ಹಿಂದಿಂದ ಒಂದು ಕೂಗು ಕೇಳ್ತು. "ಅತ್ತೆ, ಹಾಲು ಯನ್ನದು! ನಿಂಗ ಹೋಗಿ." ಆನು ಎಂತೂ ಹೇಳದ್ದೇ ಜಾಗ ಬಿಟ್ಟಿ. ಬಾಗ್ಲ ಹೊರಗೆ ನಿಂತು ಒಂದು ಸಲ ಇಣುಕಿದ್ದಂತೂ ಹೌದು. ಒಲೆ ಬುಡ ಬಿಟ್ಟು ಅಲುಗಿತ್ತಿಲ್ಲೆ ಅದು.

ಡಿಸೆಂಬರಲ್ಲಿ ಒಂದು ದಿನ ಮಧ್ಯಾಹ್ನ ಮಲಗಿ ಎದ್ದು ನೋಡಿದ್ರೆ ಸೊಸೆ ವಾಟ್ಸಾಪಲ್ಲಿ ಒಂದು ಫೋಟೋ ಕಳ್ಸಿತ್ತು. ಅಶ್ವಿನಿ, ತನಿಷಾ ಇಬ್ರೂ ಟ್ರೋಫಿ ಹಿಡ್ಕಂಡು ನಿಂತಿದ್ದು. ಗುವಾಹಟಿ ಮಾಸ್ಟರ್ಸ್ ಮತ್ತೆ ಅವ್ರೇ ಗೆದ್ದಿದ್ರು. ಒಲಿಂಪಿಕ್ಸ್ ಸಾಕು ಹೇಳಿದ್ದು ಹೌದು, ಜೋಡಿ ಬಿಟ್ಟಿತ್ತಿಲ್ಲೆ. ಆನು ವಾಪಸ್ ಒಂದು ಹಾಲಿನ ಲೋಟದ ಚಿತ್ರ ಕಳ್ಸಿದ್ದಿ.

ಹೋದ ತಿಂಗಳು ಬಂದಾಗ ಬೆಂಗ್ಳೂರಿಂದ ಎರಡು ರ‍್ಯಾಕೆಟ್, ಒಂದು ಡಬ್ಬಿ ಶಟಲ್ ತಂದು ಇಟ್ಟಿಕ್ಕಿ ಹೋಯ್ದು. ಅಡಕೆ ಒಣಗಿಸ ಅಂಗಳ ಖಾಲಿ ಆದ ಮೇಲೆ ನೆಟ್ ಕಟ್ಟವು ಹೇಳಿ ಮಾಣಿ ಹತ್ರ ಹೇಳಿದ್ದಡ. ಮೊಣಕಾಲು ನೋವಿನ ಹೆಂಗಸು ಆನು, ಎಂತ ಓಡ್ತ್ನೋ ದೇವ್ರಿಗೇ ಗೊತ್ತು. ಅಕ್ಕಂಗೂ ಬಪ್ಪಲೆ ಹೇಳಿದ್ದಿ. ಯಂಗ ಇಬ್ರು ಒಂದು ಬದಿ, ಮಾಣಿ–ಸೊಸೆ ಇನ್ನೊಂದು ಬದಿ. ಓಡಲಾಗದ್ರೂ ಕೂಗಲೆ ಯಂಗಳಿಗೆ ಯಾರೂ ಕಲಿಸದು ಬ್ಯಾಡ.

ನಿಂಗಳ ಮನೆಲಿ ನಡುವಿನ ಶಟಲ್ ಯಾರು ಹೊಡೀತ? ಅತ್ತೆಯಾ, ಸೊಸೆಯಾ, ನೆಗೆಣ್ಣಿಯಾ? ಇಲ್ಲೆ ಹಾಲು ಉಕ್ಕಿದ ಮೇಲೆ ಮುಖ ಮುಖ ನೋಡ್ಕತ್ರಾ? ಫೋನ್ ಮಾಡ್ದಾಗ ಹೇಳಿ, ಇಲ್ಲೆ ಬರೆದು ಕಳ್ಸಿ. ಗ್ಯಾಸ್ ಮೇಲೆ ಎಂತಾದ್ರೂ ಇಟ್ಟಿದ್ರೆ ಮೊದ್ಲು ಅದ್ನ ನೋಡಿ ಬನ್ನಿ.